ಬೋರ್ಡ್ ಅಂಗಡಿಗೆ ಮೊದಲು ಬೇಕಾದ್ದು ಪ್ರಿಂಟರ್ ಅಲ್ಲ

ಕುಂಚ ಹಿಡಿದು ಬೋರ್ಡ್ ಬರೆಯುತ್ತಿದ್ದ 'ಆರ್ಟ್ಸ್' ಅಂಗಡಿಗಳ ಜಾಗಕ್ಕೆ ಫ್ಲೆಕ್ಸ್ ಅಂಗಡಿಗಳು ಬಂದು ಬಹಳ ಕಾಲವಾಯಿತು. ಗೃಹಪ್ರವೇಶ, ಜಾತ್ರೆ, ಶ್ರದ್ಧಾಂಜಲಿ, ಚುನಾವಣೆ, ಕಿರಾಣಿ ಅಂಗಡಿಯ ನಾಮಫಲಕ ಎಲ್ಲವೂ ಈಗ ರೋಲಿನ ಮೇಲೆ ಅಚ್ಚಾಗಿ ಬರುತ್ತವೆ. ಈ ಉದ್ಯೋಗಕ್ಕೆ ಹೊಸದಾಗಿ ಇಳಿಯುವವರು ಮಾರಾಟಗಾರನ ಮುಂದೆ ಕೂತು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಎಲ್ಲೆಡೆಯೂ ಒಂದೇ: ಯಂತ್ರ ಎಷ್ಟು ಅಡಿ ಅಗಲ? ಗಂಟೆಗೆ ಎಷ್ಟು ಚದರ ಅಡಿ ಹೊಡೆಯುತ್ತದೆ? ಕೊನೆಯ ಬೆಲೆ ಎಷ್ಟು? ಮೂರೂ ಕೇಳಲೇಬೇಕಾದ ಪ್ರಶ್ನೆಗಳು, ಆದರೆ ಕೊನೆಗೆ ಕೇಳಬೇಕಾದವು. ಅಂಗಡಿಯ ದುಡಿಮೆ ನಿಂತಿರುವುದು ಗಿರಾಕಿ ಕಳಿಸಿದ ಕನ್ನಡದ ಮ್ಯಾಟರ್ ಯಾವ ದಾರಿಯಲ್ಲಿ ಪ್ರಿಂಟರಿನ ತನಕ ಬರುತ್ತದೆ ಎಂಬುದರ ಮೇಲೆ. ಆ ದಾರಿ ಎಂದರೆ ಸಾಫ್ಟ್‌ವೇರ್. ಅದನ್ನು ನಿಶ್ಚಯಿಸಿಕೊಂಡು, ಯಾವ ವಸ್ತುವಿನ ಮೇಲೆ ಅಚ್ಚು ಹಾಕಬೇಕೆಂದು ತೀರ್ಮಾನಿಸಿ, ಅದಕ್ಕೆ ತಕ್ಕ ಇಂಕು ಆರಿಸಿದ ಮೇಲೆ ಯಾವ ಯಂತ್ರ ಎಂಬುದು ಬಹುಪಾಲು ತಾನೇ ಇತ್ಯರ್ಥವಾಗುತ್ತದೆ. ಹೆಚ್ಚಿನವರು ಇದನ್ನು ತಲೆಕೆಳಗು ಮಾಡಿ, ಯಂತ್ರ ಇಳಿಸಿಕೊಂಡ ಮೇಲೆ ಉಳಿದದ್ದನ್ನು ಹುಡುಕಲು ಹೊರಡುತ್ತಾರೆ.

ವೇಗದ ಮಾತನ್ನೇ ಮೊದಲು ನೋಡೋಣ. ಕರಪತ್ರದಲ್ಲಿ ದಪ್ಪ ಅಕ್ಷರದಲ್ಲಿರುವ ವೇಗ ಸಾಮಾನ್ಯವಾಗಿ ಡ್ರಾಫ್ಟ್ ಮೋಡಿನದು. ಪ್ರಿಂಟರಿನ ಹೆಡ್ ಒಂದೇ ಪಟ್ಟಿಯ ಮೇಲೆ ಎಷ್ಟು ಸಲ ಹಾದುಹೋಗುತ್ತದೆ ಎಂಬುದನ್ನು ಪಾಸ್ ಎನ್ನುತ್ತಾರೆ. ಪಾಸ್ ಕಡಿಮೆಯಾದಷ್ಟೂ ವೇಗ ಹೆಚ್ಚು, ಅಡ್ಡಗೆರೆಗಳು ಕಾಣುವ ಸಂಭವವೂ ಹೆಚ್ಚು. ಅಂಗಡಿಯಲ್ಲಿ ನಿಜಕ್ಕೂ ಬಳಸುವ ಮೋಡಿನಲ್ಲಿ ಆ ವೇಗ ಅರ್ಧಕ್ಕೋ ಅದಕ್ಕಿಂತ ಕೆಳಕ್ಕೋ ಇಳಿದರೆ ಆಶ್ಚರ್ಯವಿಲ್ಲ. ಇಳಿದರೂ ದೊಡ್ಡ ನಷ್ಟವೇನಿಲ್ಲ, ಏಕೆಂದರೆ ಸಣ್ಣ ಅಂಗಡಿಯಲ್ಲಿ ಕೆಲಸ ಸಿಕ್ಕಿಹಾಕಿಕೊಳ್ಳುವುದು ಪ್ರಿಂಟರಿನಲ್ಲಲ್ಲ. ಲೆಕ್ಕಕ್ಕಾಗಿ ದಿನಕ್ಕೆ 4×3 ಅಡಿಯ 30 ಬ್ಯಾನರುಗಳು ಎಂದಿಟ್ಟುಕೊಳ್ಳಿ. ಒಟ್ಟು 360 ಚದರ ಅಡಿ. ಗಂಟೆಗೆ 300 ಚದರ ಅಡಿಯ ಸಾಧಾರಣ ಯಂತ್ರವೂ ಅದನ್ನು 1 ಗಂಟೆ 12 ನಿಮಿಷದಲ್ಲಿ ಮುಗಿಸುತ್ತದೆ. ಒಂದೊಂದರ ಟೈಪಿಂಗ್, ಫೋಟೋ ಕತ್ತರಿಸುವುದು, ಗಿರಾಕಿಗೆ ಪ್ರೂಫ್ ಕಳಿಸಿ ತಿದ್ದುವುದು ಸೇರಿ ಬರೀ 15 ನಿಮಿಷ ಹಿಡಿದರೂ ಡಿಸೈನರ್‌ನ ಏಳೂವರೆ ಗಂಟೆ ಅಲ್ಲಿಗೇ ಹೋಯಿತು. ಎರಡು ಪಟ್ಟು ವೇಗದ ಯಂತ್ರ ತಂದರೆ ದಿನಕ್ಕೆ 36 ನಿಮಿಷ ಉಳಿಯುತ್ತದೆ. ಡಿಸೈನ್ ಮೇಜಿನ ಮೇಲೆ ಬ್ಯಾನರಿಗೆ ಮೂರೇ ನಿಮಿಷ ಉಳಿಸಿದರೆ ಒಂದೂವರೆ ಗಂಟೆ ಸಿಗುತ್ತದೆ.

ರೆಸಲ್ಯೂಷನ್ ಎಂಬ ಮತ್ತೊಂದು ಆಕರ್ಷಣೆಯೂ ಹೀಗೆಯೇ. ಆರೋಗ್ಯವಂತ ಕಣ್ಣು ಎರಡು ಚುಕ್ಕಿಗಳನ್ನು ಬೇರೆ ಬೇರೆಯಾಗಿ ಗುರುತಿಸುವ ಮಿತಿ ಸುಮಾರು ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ. ಅಂದರೆ ಒಂದು ಮೀಟರ್ ದೂರದಲ್ಲಿ 0.29 ಮಿಲಿಮೀಟರ್, ಹತ್ತು ಮೀಟರ್ ದೂರದಲ್ಲಿ ಸುಮಾರು 2.9 ಮಿಲಿಮೀಟರ್. ಇಂಚಿಗೆ 72 ಚುಕ್ಕಿಯ ಚಿತ್ರದಲ್ಲಿ ಒಂದು ಚುಕ್ಕಿ 0.35 ಮಿಲಿಮೀಟರ್. ರಸ್ತೆಯಾಚೆಯಿಂದ ನೋಡುವವನಿಗೆ ಇದಕ್ಕಿಂತ ಸೂಕ್ಷ್ಮವಾದದ್ದನ್ನು ಕೊಟ್ಟರೂ ಅವನ ಕಣ್ಣಿಗೆ ದಕ್ಕುವುದಿಲ್ಲ. ಆದರೆ 10×20 ಅಡಿಯ ಹೋರ್ಡಿಂಗಿನ ಚಿತ್ರವನ್ನು 72ರಲ್ಲಿ ಇಟ್ಟರೆ, ಕುಗ್ಗಿಸದ ನಾಲ್ಕು ಬಣ್ಣದ ಕಡತ ಸುಮಾರು 600 ಎಂಬಿ. 720ರಲ್ಲಿ ಇಟ್ಟರೆ ಸುಮಾರು 60 ಜಿಬಿ. ಅಂಥ ಕಡತವನ್ನು ತೆರೆಯಲು ಹೊರಟ ಕಂಪ್ಯೂಟರ್ ಮಧ್ಯಾಹ್ನದವರೆಗೂ ತಿರುಗುತ್ತಲೇ ಇರುತ್ತದೆ. ಹತ್ತಿರ ನಿಂತು ಓದುವ ಆಸ್ಪತ್ರೆಯ ಫಲಕ, ಹೋಟೆಲಿನ ಮೆನು, ಅಂಗಡಿ ಒಳಗಿನ ವಿನೈಲ್ ಇವುಗಳ ಮಾತು ಬೇರೆ. ಅಲ್ಲಿ ಸಣ್ಣ ಹನಿ ಬಿಡುವ ಹೆಡ್, ಹೆಚ್ಚು ಪಾಸ್ ಎರಡೂ ಬೇಕು. ಒಂದೇ ಯಂತ್ರ ಎರಡನ್ನೂ ಸಮನಾಗಿ ಮಾಡುತ್ತದೆಂದು ಯಾರಾದರೂ ಹೇಳಿದರೆ ಎರಡರ ಮಾದರಿಯನ್ನೂ ಕೈಗೆ ಕೇಳಿ.

ಇನ್ನು ಕನ್ನಡದ ವಿಷಯ. ಗಿರಾಕಿ ಇಂದು ಮ್ಯಾಟರ್ ಕಳಿಸುವುದು ವಾಟ್ಸ್‌ಆ್ಯಪ್‌ನಲ್ಲಿ. ಮೊಬೈಲಿನಲ್ಲಿ ಟೈಪಾದ ಕನ್ನಡ ಯೂನಿಕೋಡ್. ಆದರೆ ಎಷ್ಟೋ ಅಂಗಡಿಗಳಲ್ಲಿ ಬಳಕೆಯಲ್ಲಿರುವುದು ಹಳೆಯ ನುಡಿ, ಬರಹ, ಶ್ರೀಲಿಪಿಗಳ ಫಾಂಟುಗಳು. ಆ ಕಾಲದ ಕಂಪ್ಯೂಟರುಗಳು ಕನ್ನಡವನ್ನು ಅರಿಯುತ್ತಿರಲಿಲ್ಲವಾದ್ದರಿಂದ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿ ಮಾಡಿದ ಏರ್ಪಾಟು ಅದು. ಕನ್ನಡ ಡಿಟಿಪಿ ಬೆಳೆದದ್ದೇ ಅದರಿಂದ. ಅದರ ಉಪಕಾರ ಸಣ್ಣದಲ್ಲ. ಆದರೆ ಫೋನಿನಿಂದ ನಕಲಿಸಿದ ಕನ್ನಡವನ್ನು ಆ ಫಾಂಟಿಗೆ ಹಾಕಿದರೆ ಅದು ಮೂಡುವುದಿಲ್ಲ. ಡಿಸೈನರ್ ಇಡೀ ಮ್ಯಾಟರನ್ನು ಮತ್ತೆ ಟೈಪ್ ಮಾಡುತ್ತಾನೆ, ಇಲ್ಲವೇ ಪರಿವರ್ತಕದಲ್ಲಿ ಹಾಕಿ ಉದುರಿದ ಒತ್ತುಗಳನ್ನು ಕೈಯಿಂದ ಕೂಡಿಸುತ್ತಾನೆ. ಗಿರಾಕಿ ಸರಿಯಾಗಿಯೇ ಬರೆದು ಕಳಿಸಿದ್ದ ಹೆಸರು ಬೋರ್ಡಿನಲ್ಲಿ ತಪ್ಪಾಗುವುದಕ್ಕೆ ಒಂದು ದೊಡ್ಡ ಕಾರಣ ಈ ಎರಡನೇ ಟೈಪಿಂಗ್. ಆಗ ಹಾಳಾಗುವುದು ಫ್ಲೆಕ್ಸ್, ಇಂಕು, ಐಲೆಟ್ ಹೊಡೆದ ಕೂಲಿ, ಮುಖ್ಯವಾಗಿ ಗಿರಾಕಿ. ಇದನ್ನು ಯಾವ ಪ್ರಿಂಟರೂ ಸರಿಪಡಿಸಲಾರದು.

ಹಾಗಾದರೆ ಯೂನಿಕೋಡ್ ಫಾಂಟು ಹಾಕಿಕೊಂಡರೆ ಮುಗಿಯಿತೇ? ಇಲ್ಲ. ಯೂನಿಕೋಡಿನಲ್ಲಿ 'ರಾಷ್ಟ್ರ' ಎಂಬ ಪದ ಬಿಡಿ ಸಂಕೇತಗಳ ಸಾಲಾಗಿ ಇರುತ್ತದೆ. ಷಕಾರದ ಕೆಳಗೆ ಟಕಾರ, ರಕಾರಗಳ ಒತ್ತುಗಳನ್ನು ಕೂರಿಸುವ ಕೆಲಸ ಸಾಫ್ಟ್‌ವೇರಿನದು. ಆ ಶಕ್ತಿಯಿಲ್ಲದ ಹಳೆಯ ಕೋರೆಲ್‌ಡ್ರಾ ಆವೃತ್ತಿಗಳಲ್ಲಿ ಅಕ್ಷರಗಳು ಒಡೆದು ಪಕ್ಕಪಕ್ಕ ನಿಲ್ಲುತ್ತವೆ. ಹೊಸ ಆವೃತ್ತಿಗಳು ಇದನ್ನು ನಿಭಾಯಿಸುತ್ತವೆ. ಫೋಟೋಶಾಪ್, ಇಲಸ್ಟ್ರೇಟರ್‌ಗಳಲ್ಲೂ ಭಾರತೀಯ ಲಿಪಿಗಳ ಆಯ್ಕೆಯನ್ನು ಸೆಟ್ಟಿಂಗಿನಲ್ಲಿ ಹಾಕಿಕೊಳ್ಳಬೇಕಾಗಬಹುದು. ಅದು ಗೊತ್ತಿಲ್ಲದೆ 'ಅಡೋಬಿಯಲ್ಲಿ ಕನ್ನಡ ಬರಲ್ಲ' ಎಂದು ಕೈಬಿಟ್ಟವರಿದ್ದಾರೆ. ಉಚಿತವಾಗಿ ಸಿಗುವ ಇಂಕ್‌ಸ್ಕೇಪ್ ಕನ್ನಡವನ್ನು ಸರಿಯಾಗಿ ಮೂಡಿಸುತ್ತದೆ, ಆದರೆ ಮುದ್ರಣದ ನಾಲ್ಕು ಬಣ್ಣಗಳ ಲೆಕ್ಕದಲ್ಲಿ ಅದು ದುರ್ಬಲ. ಅಕ್ಷರವನ್ನು ಅಲ್ಲಿ ಜೋಡಿಸಿ, ಕರ್ವ್ ಮಾಡಿ, ಉಳಿದ ಕೆಲಸವನ್ನು ಬೇರೆ ಸಾಫ್ಟ್‌ವೇರಿನಲ್ಲಿ ಮುಗಿಸುವುದು ಬಂಡವಾಳ ಕಡಿಮೆ ಇರುವವರಿಗೆ ನ್ಯಾಯವಾದ ದಾರಿ.

ಯೂನಿಕೋಡಿಗೆ ಬದಲಾಗುವುದಕ್ಕೆ ಅನುಭವಿ ಡಿಸೈನರುಗಳ ಆಕ್ಷೇಪ ಒಂದಿದೆ, ಅದರಲ್ಲಿ ತಿರುಳೂ ಇದೆ. ಹಳೆಯ ಫಾಂಟುಗಳಲ್ಲಿ ಶೀರ್ಷಿಕೆಗೆ ಒದಗುವ ಬಗೆಬಗೆಯ ದಪ್ಪ, ಅಲಂಕಾರದ ಅಕ್ಷರಗಳಿವೆ, ಯೂನಿಕೋಡಿನಲ್ಲಿ ಅಷ್ಟಿಲ್ಲ. ಬೆರಳಿಗೆ ಅಭ್ಯಾಸವಾದ ಕೀಲಿಮಣೆಯನ್ನು ಯಾಕೆ ಬಿಡಬೇಕು ಎನ್ನುತ್ತಾರೆ. ಕೀಲಿಮಣೆಯನ್ನು ಬಿಡಬೇಕಿಲ್ಲ, ನುಡಿ ಮತ್ತು ಬರಹದಲ್ಲೇ ಯೂನಿಕೋಡ್ ಟೈಪ್ ಮಾಡಬಹುದು. ಫಾಂಟುಗಳ ಕೊರತೆ ನಿಜವೇ, ಆದರೆ ತುಂಬುತ್ತ ಬಂದಿದೆ. ನೋಟೊ ಸಾನ್ಸ್ ಕನ್ನಡ, ಬಾಲೂ ತಮ್ಮ, ಅನೆಕ್ ಕನ್ನಡ ಇವು ಮುಕ್ತ ಪರವಾನಗಿಯಲ್ಲಿ ಸಿಗುತ್ತವೆ, ವ್ಯಾಪಾರಕ್ಕೂ ಬಳಸಬಹುದು. ಒಂದೆರಡು ಪದದ ಅಲಂಕಾರದ ಶೀರ್ಷಿಕೆಗೆ ಹಳೆಯ ಫಾಂಟು ಇರಲಿ. ಹೆಸರು, ವಿಳಾಸ, ಕಾರ್ಯಕ್ರಮದ ವಿವರ ಇರುವ ಉದ್ದನೆಯ ಮ್ಯಾಟರ್ ಮಾತ್ರ ಗಿರಾಕಿಯ ಫೋನಿನಿಂದ ನೇರವಾಗಿ ಬಂದು ಕೂರಬೇಕು.

ಡಿಸೈನ್ ಮುಗಿದ ಮೇಲೆ ಬರುವುದು ರಿಪ್. ಡಿಸೈನನ್ನು ಹನಿಹನಿ ಇಂಕಿನ ಆದೇಶವಾಗಿ ಬದಲಿಸುವ ಸಾಫ್ಟ್‌ವೇರ್ ಇದು. ರೋಲ್ಯಾಂಡಿನ ಯಂತ್ರಕ್ಕೆ ವರ್ಸಾವರ್ಕ್ಸ್, ಮಿಮಾಕಿಗೆ ರಾಸ್ಟರ್‌ಲಿಂಕ್ ಜೊತೆಯಲ್ಲೇ ಬರುತ್ತವೆ. ಓನಿಕ್ಸ್, ಕಾಲ್ಡೆರಾ, ವಸಾಚ್, ಫ್ಲೆಕ್ಸಿ ಇವುಗಳನ್ನು ಬೇರೆಯಾಗಿಯೂ ಕೊಳ್ಳಬಹುದು. ಚೀನಾದಿಂದ ಬರುವ ಅಗಲದ ಫ್ಲೆಕ್ಸ್ ಯಂತ್ರಗಳ ಜೊತೆ ಮೇನ್‌ಟಾಪ್‌ನಂಥದ್ದನ್ನು ಕೊಡುವುದುಂಟು. ರಿಪ್ ಎಂದರೆ 'ಪ್ರಿಂಟ್ ಬಟನ್' ಎಂದು ತಿಳಿದಿರುವ ಅಂಗಡಿಗಳೇ ಹೆಚ್ಚು. ಹಣ ಉಳಿಯುವುದು ಅಲ್ಲೇ. ಹತ್ತಡಿ ಅಗಲದ ರೋಲಿನಲ್ಲಿ ಆರಡಿ ಅಗಲ, ಹತ್ತಡಿ ಉದ್ದದ ಒಂದು ಬ್ಯಾನರ್ ಮಾತ್ರ ಹೊಡೆದರೆ 100 ಚದರ ಅಡಿಯಲ್ಲಿ 40 ಚೂರಾಗಿ ಉಳಿಯುತ್ತದೆ. ಉಳಿದ ನಾಲ್ಕಡಿಯಲ್ಲಿ ಬೇರೆ ಗಿರಾಕಿಗಳ ಸಣ್ಣ ಕೆಲಸಗಳನ್ನು ತಾನೇ ಜೋಡಿಸುವ ಸೌಲಭ್ಯ ಒಳ್ಳೆಯ ರಿಪ್‌ನಲ್ಲಿದೆ. ಎರಡನೆಯದು ಬಣ್ಣ. ಒಂದೊಂದು ಇಂಕು, ಒಂದೊಂದು ವಸ್ತು, ಒಂದೊಂದು ಮೋಡಿಗೂ ಬೇರೆ ಬೇರೆ ಬಣ್ಣದ ಪ್ರೊಫೈಲ್ ಬೇಕು. ನವೆಂಬರ್ ಬಂತೆಂದರೆ ಅರಿಶಿನ-ಕುಂಕುಮ ಬಣ್ಣದ ಬ್ಯಾನರುಗಳು ಸಾಲುಗಟ್ಟುತ್ತವೆ. ಒಂದೇ ಸಂಘದ ಎರಡು ಬ್ಯಾನರುಗಳಲ್ಲಿ ಒಂದರ ಹಳದಿ ನಿಂಬೆಯಂತೆ, ಇನ್ನೊಂದರದು ಕಿತ್ತಳೆಯತ್ತ ವಾಲಿದ್ದರೆ ದೋಷವನ್ನು ಮೊದಲು ಹುಡುಕಬೇಕಾದ್ದು ಪ್ರೊಫೈಲಿನಲ್ಲಿ. ಹೆಡ್ಡನ್ನು ಬೈಯುವುದು ಆಮೇಲೆ.

'ಸಾಫ್ಟ್‌ವೇರಿಗೆ ಯಾರು ದುಡ್ಡು ಕೊಡುತ್ತಾರೆ, ಕ್ರ್ಯಾಕ್ ಸಿಗುತ್ತದಲ್ಲ' ಎಂಬುದು ಬಹಿರಂಗವಾಗಿ ಯಾರೂ ಆಡದ, ಒಳಗೆ ಎಲ್ಲರೂ ಆಡುವ ಮಾತು. ನೀತಿಯ ಮಾತು ಪಕ್ಕಕ್ಕಿರಲಿ, ವ್ಯಾಪಾರವನ್ನೇ ನೋಡೋಣ. ನಕಲಿ ಸಾಫ್ಟ್‌ವೇರನ್ನು ಗೊತ್ತಿದ್ದೂ ಬಳಸಿದರೆ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಮಿನಂತೆ 7 ದಿನದಿಂದ 3 ವರ್ಷದವರೆಗೆ ಸೆರೆ, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ ಇದೆ. ಕಾನೂನಿನವರು ಬಾಗಿಲಿಗೆ ಬರುವುದಿಲ್ಲವೆಂದೇ ಇಟ್ಟುಕೊಂಡರೂ, ಕ್ರ್ಯಾಕ್ ಮಾಡಿದ ರಿಪ್‌ಗೆ ಹೊಸ ಪ್ರೊಫೈಲುಗಳಾಗಲಿ ಕಂಪನಿಯ ನೆರವಾಗಲಿ ಇಲ್ಲ. ವಿಂಡೋಸ್ ಹೊಸದಾದ ದಿನ ಅದು ತೆರೆದುಕೊಳ್ಳದೇ ಇರಬಹುದು. ಆ ದಿನ ರಾಜ್ಯೋತ್ಸವದ ಮುನ್ನಾದಿನವಾಗಿದ್ದರೆ ಉಳಿಸಿದ ದುಡ್ಡೆಲ್ಲ ಒಂದೇ ಏಟಿಗೆ ಹೋಯಿತು. ಕೊಂಡುಕೊಳ್ಳಲು ಸಾಧ್ಯವೇ ಇಲ್ಲದಿದ್ದರೆ ಯಂತ್ರದ ಜೊತೆ ಅಧಿಕೃತವಾಗಿ ಬರುವ ರಿಪ್ಪನ್ನೇ ಪೂರ್ತಿ ಕಲಿಯುವುದು ಮೇಲು.

ಇನ್ನು ಇಂಕು ಮತ್ತು ವಸ್ತು. ಇದನ್ನು ಅಂಗಡಿಯ ರುಚಿಗೆ ಬಿಡುವಂತಿಲ್ಲ, ಕಾನೂನು ಮಧ್ಯೆ ಬಂದಿದೆ. ಕರ್ನಾಟಕ ಸರ್ಕಾರ 2016ರ ಮಾರ್ಚ್‌ನಲ್ಲಿ ಪ್ಲಾಸ್ಟಿಕ್ ಚೀಲಗಳ ಜೊತೆಗೆ ಪ್ಲಾಸ್ಟಿಕ್ ಬ್ಯಾನರ್, ಫ್ಲೆಕ್ಸ್‌ಗಳನ್ನೂ ನಿಷೇಧಿಸಿತು. 2018ರಲ್ಲಿ ಹೈಕೋರ್ಟಿನ ಕಟ್ಟುನಿಟ್ಟಿನ ಸೂಚನೆಯ ಮೇಲೆ ಬೆಂಗಳೂರಿನಲ್ಲಿ ಅಕ್ರಮ ಫ್ಲೆಕ್ಸ್‌ಗಳ ತೆರವು ನಡೆಯಿತು. ನಿಷೇಧ ಬೀದಿಯಲ್ಲಿ ಎಷ್ಟು ಪಾಲನೆಯಾಗಿದೆ ಎಂಬುದು ಕಣ್ಣಿಗೇ ಕಾಣುತ್ತದೆ. 'ಎಲ್ಲರೂ ಹೊಡೀತಾರೆ, ನಾನೊಬ್ಬ ಯಾಕೆ ಬಿಡಲಿ' ಎನ್ನುವವರಿಗೆ ಉತ್ತರ ಇಷ್ಟೇ: ಸಾಲ ಮಾಡಿ ತಂದ ಯಂತ್ರದ ಕಂತು ವರ್ಷಗಟ್ಟಲೆ ನಡೆಯುತ್ತದೆ, ಫ್ಲೆಕ್ಸ್ ಒಂದನ್ನೇ ನಂಬಿದ ವ್ಯಾಪಾರ ಒಂದು ಆದೇಶಕ್ಕೆ ನಿಂತುಹೋಗಬಹುದು. ಅತ್ತ 2024ರ ತಿದ್ದುಪಡಿಯಂತೆ ವಾಣಿಜ್ಯ ಸಂಸ್ಥೆಗಳ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಶಾಶ್ವತ ಫಲಕಗಳ ಈ ಕೆಲಸ ಬಹುಪಾಲು ನಡೆಯುವುದು ಎಸಿಪಿ, ಅಕ್ರಿಲಿಕ್, ವಿನೈಲ್‌ಗಳಲ್ಲಿ. ಒಂದೊಂದು ಬೋರ್ಡಿಗೆ ಸಿಗುವ ಲಾಭವೂ ಚದರ ಅಡಿಯ ಲೆಕ್ಕದ ಫ್ಲೆಕ್ಸ್‌ಗಿಂತ ಹೆಚ್ಚು.

ಸಾಲ್ವೆಂಟ್ ಇಂಕು ಅಗ್ಗ, ಬಿಸಿಲು ಮಳೆಗೆ ಗಟ್ಟಿ. ಆದರೆ ವಾಸನೆ, ಹೊಗೆ ಹೆಚ್ಚು. ಮನೆಗಳ ಸಾಲಿನಲ್ಲಿರುವ ಅಂಗಡಿಗೆ, ಗಾಳಿಯಾಡದ ಕೋಣೆಗೆ ಅದು ಸಲ್ಲದು. ಇಕೋ-ಸಾಲ್ವೆಂಟ್ ಅದಕ್ಕಿಂತ ಸೌಮ್ಯ, ವಿನೈಲಿನ ಮೇಲೆ ಚೆನ್ನಾಗಿ ಮೂಡುತ್ತದೆ. ಆದರೆ ಅಚ್ಚಾದ ಮೇಲೆ ಸುಮಾರು ಒಂದು ದಿನ ಆರಲು ಬಿಡದೆ ಲ್ಯಾಮಿನೇಷನ್ ಮಾಡಿದರೆ ಅಂಟು ಬಿಡುತ್ತದೆ; ಸಂಜೆಯೊಳಗೆ ಕೊಡುತ್ತೇನೆಂದು ಮಾತು ಕೊಡುವವರು ಇದನ್ನು ನೆನಪಿಡಬೇಕು. ಲೇಟೆಕ್ಸ್ ನೀರಿನ ಇಂಕು, ಒಣಗಿಯೇ ಹೊರಬರುತ್ತದೆ, ತಕ್ಕ ಬಟ್ಟೆಯ ಮೇಲೂ ಹೊಡೆಯಬಹುದು; ಆದರೆ ಒಣಗಿಸುವ ಹೀಟರ್ ಕರೆಂಟು ತಿನ್ನುತ್ತದೆ. ಯುವಿ ಇಂಕು ಬೆಳಕಿನಿಂದ ತಕ್ಷಣ ಗಟ್ಟಿಯಾಗುತ್ತದೆ. ಫ್ಲಾಟ್‌ಬೆಡ್ ಯಂತ್ರವಾದರೆ ಸನ್‌ಬೋರ್ಡ್, ಅಕ್ರಿಲಿಕ್, ಗಾಜಿನ ಮೇಲೇ ಅಚ್ಚು. ಪೇಸ್ಟಿಂಗ್ ಮಾಡುವ ಕೆಲಸವೇ ತಪ್ಪುತ್ತದೆ, ಬಂಡವಾಳ ಮಾತ್ರ ದೊಡ್ಡದು.

ಹೆಡ್ಡಿನ ವಿಚಾರದಲ್ಲಿ ಬ್ರಾಂಡಿಗಿಂತ ಹತ್ತಿರದ ಮೆಕ್ಯಾನಿಕ್ ಮುಖ್ಯ. ಎಪ್ಸನ್, ಕೋನಿಕಾ ಮಿನೋಲ್ಟಾ ಹೆಡ್ಡುಗಳು ಹೆಚ್ಚು ಬಳಕೆಯಲ್ಲಿರುವವು. ಆದರೂ ಜಿಲ್ಲಾ ಕೇಂದ್ರದಲ್ಲಿ ಬಿಡಿಭಾಗ ಸಿಗುತ್ತದೆಯೇ, ಕರೆದರೆ ಎಷ್ಟು ದಿನಕ್ಕೆ ಬರುತ್ತಾರೆ ಎಂದು ಅದೇ ಯಂತ್ರ ಇಟ್ಟುಕೊಂಡ ಅಂಗಡಿಯವರನ್ನು ಕೇಳಬೇಕು, ಮಾರುವವರನ್ನಲ್ಲ. ಸಾಲ್ವೆಂಟ್ ಯಂತ್ರವನ್ನು ಹೊಡೆಯದೇ ನಿಲ್ಲಿಸಿದರೆ ನಾಜಲ್‌ಗಳು ಕಟ್ಟಿಕೊಳ್ಳುತ್ತವೆ. ದಿನಾ ಕೆಲಸವಿಲ್ಲದ ತಾಲ್ಲೂಕು ಕೇಂದ್ರದ ಅಂಗಡಿಗೆ ದೊಡ್ಡ ಯಂತ್ರ ಹೊರೆಯಾಗುವುದು ಹೀಗೆ. ಅರ್ಥಿಂಗ್, ಯುಪಿಎಸ್ ಸರಿಯಿಲ್ಲದ ಕಡೆ ಹೆಡ್ಡಿನ ಬೋರ್ಡು ಸುಟ್ಟುಹೋಗುವ ಅಪಾಯವೂ ಇದೆ.

ಯಂತ್ರವಿಲ್ಲದಿದ್ದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ ಎಂಬ ಭಯ ಸಹಜ. ಗಿರಾಕಿಗೆ ಬೇಕಾದ್ದು ತಪ್ಪಿಲ್ಲದ ಬೋರ್ಡ್, ಹೇಳಿದ ಹೊತ್ತಿಗೆ. ಅದು ಯಾರ ಯಂತ್ರದಿಂದ ಬಂತೆಂದು ಅವನು ವಿಚಾರಿಸುವುದಿಲ್ಲ. ಜಿಲ್ಲಾ ಕೇಂದ್ರದಲ್ಲಿ ಜಾಬ್ ವರ್ಕ್ ಮಾಡಿಕೊಡುವ ದೊಡ್ಡ ಯಂತ್ರಗಳಿರುವಾಗ ಫ್ಲೆಕ್ಸ್ ಕೆಲಸವನ್ನು ಅಲ್ಲಿಗೆ ಕಳಿಸಿ, ತಮ್ಮಲ್ಲಿ ಅಧಿಕೃತ ಸಾಫ್ಟ್‌ವೇರ್, ಒಳ್ಳೆಯ ಡಿಸೈನರ್, ರೇಡಿಯಂ-ವಿನೈಲ್ ಕತ್ತರಿಸುವ ಒಂದು ಕಟಿಂಗ್ ಪ್ಲಾಟರ್ ಇಟ್ಟುಕೊಂಡು ಶುರು ಮಾಡುವುದೇ ಸರಿ. ಕಳಿಸುವ ಖರ್ಚು ಕಂತಿನ ಹಣವನ್ನು ದಾಟಿದ ತಿಂಗಳು ಯಂತ್ರದ ಮಾತು ಎತ್ತಬಹುದು.

ಆಗಲೂ ಷೋರೂಮಿನ ಹೊಳೆಯುವ ಗಿಳಿಯ ಚಿತ್ರವನ್ನು ನೋಡಿ ಮುಂಗಡ ಕೊಡಬೇಡಿ. ನಿಮ್ಮದೇ ಕಡತವನ್ನು ಪೆನ್‌ಡ್ರೈವಿನಲ್ಲಿ ಒಯ್ಯಿರಿ: 'ಸ್ವಾತಂತ್ರ್ಯ', 'ಲಕ್ಷ್ಮೀ', 'ಧರ್ಮಸ್ಥಳ' ಎಂದು ಬರೆದ ಒಂದು ಬೋರ್ಡ್, ಒಂದು ಮುಖದ ಫೋಟೋ, ಕೆಂಪು-ಹಳದಿಯ ಒಂದು ದೊಡ್ಡ ಪಟ್ಟಿ. ನೀವು ದಿನಾ ಬಳಸುವ ವಸ್ತುವಿನ ಮೇಲೆ, ನೀವು ಬಳಸಲಿರುವ ಮೋಡಿನಲ್ಲಿ, ನಿಮ್ಮೆದುರಿಗೇ ಎರಡು ಸಲ ಹೊಡೆಸಿ, ಗಡಿಯಾರ ನೋಡಿಕೊಳ್ಳಿ. ಎರಡೂ ಒಂದೇ ಬಣ್ಣಕ್ಕೆ ಬಂದರೆ ಬೆಲೆಯ ಮಾತಿಗೆ ಕೂರಿ.