ಹೃದಯದ ಲೆಕ್ಕ ಕ್ಯಾಲೆಂಡರಿನ ಚೌಕದಲ್ಲಿ

ವೈದ್ಯರು ‘ಹಾರ್ಟ್ ಫೇಲ್ಯೂರ್’ (ಹೃದಯ ವೈಫಲ್ಯ) ಎಂದೊಡನೆ ಮನೆಮಂದಿಗೆಲ್ಲ ದಿಗಿಲು. ಹೃದಯ ನಿಂತುಹೋಯಿತು ಎಂದು ಇದರ ಅರ್ಥವಲ್ಲ. ದೇಹಕ್ಕೆ ಬೇಕಾದಷ್ಟು ರಕ್ತವನ್ನು ಪಂಪ್ ಮಾಡಲು ಅದು ಏಗುತ್ತಿದೆ. ಆಗ ಮೂತ್ರಪಿಂಡಗಳು ಉಪ್ಪು, ನೀರನ್ನು ಮೈಯಲ್ಲೇ ಹಿಡಿದಿಡುತ್ತವೆ. ಕಾಲು ಊದಿ ಸಂಜೆಗೆ ಚಪ್ಪಲಿ ಬಿಗಿಯಾಗುತ್ತದೆ, ಮಲಗಿದರೆ ಉಸಿರು ಕಟ್ಟುವುದರಿಂದ ರಾತ್ರಿ ಒಂದು ದಿಂಬು ಸಾಲದೆ ಮೂರು ಬೇಕಾಗುತ್ತವೆ.

ಇದಕ್ಕೂ ಮೊದಲೇ ಸುಳಿವು ಕೊಡುವುದು ತೂಕದ ಯಂತ್ರ. ಒಂದು ಲೀಟರ್ ನೀರೆಂದರೆ ಒಂದು ಕೆ.ಜಿ. ಬೆಳಿಗ್ಗೆ ಶೌಚ ಮುಗಿಸಿ, ಕಾಫಿ ಕುಡಿಯುವ ಮೊದಲು, ದಿನವೂ ಅದೇ ಯಂತ್ರದ ಮೇಲೆ ನಿಂತು ತೂಕ ನೋಡಿ. ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಬರೆದಿಡಿ. ಮೂರು ದಿನಗಳಲ್ಲಿ 2 ಕೆ.ಜಿ.ಗಿಂತ ಹೆಚ್ಚು ಏರಿದರೆ ಅದು ಕೊಬ್ಬಲ್ಲ, ನೀರು. ಅಂದೇ ವೈದ್ಯರಿಗೆ ತಿಳಿಸಿ.

ಊಟದ ಎಲೆಯ ತುದಿ

ವಯಸ್ಕರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದು ಸುಮಾರು ಒಂದು ಟೀ ಚಮಚ. ಸಾರಿಗೆ ಉಪ್ಪು ಕಡಿಮೆ ಮಾಡಿ, ಪಕ್ಕದಲ್ಲಿ ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿ ಬಡಿಸಿದರೆ ಪಥ್ಯ ಕೆಟ್ಟಂತೆಯೇ. ನಿಂಬೆರಸ, ಕಾಳುಮೆಣಸು, ಕೊತ್ತಂಬರಿ ಸೊಪ್ಪು ರುಚಿಯ ಕೊರತೆ ನೀಗಿಸುತ್ತವೆ. ‘ಲೋ ಸೋಡಿಯಂ’ ಉಪ್ಪಿನಲ್ಲಿ ಸಾಮಾನ್ಯವಾಗಿ ಪೊಟ್ಯಾಶಿಯಂ ಇರುತ್ತದೆ, ಎಳನೀರಿನಲ್ಲೂ ಇದೆ. ಈ ಕಾಯಿಲೆಯ ಕೆಲವು ಮಾತ್ರೆಗಳು ರಕ್ತದ ಪೊಟ್ಯಾಶಿಯಂ ಏರಿಸುವುದರಿಂದ ಎರಡನ್ನೂ ವೈದ್ಯರನ್ನು ಕೇಳಿಯೇ ಬಳಸಬೇಕು. ದಿನಕ್ಕೆ ಎಷ್ಟು ನೀರು ಕುಡಿಯಬೇಕೆಂಬುದನ್ನೂ ಕೇಳಿ ತಿಳಿಯಿರಿ.

ಮಾತ್ರೆ ತಪ್ಪುವ ಹೊತ್ತು

ಮದುವೆಗೋ ಊರಿಗೋ ಹೊರಟ ದಿನ, ಬಸ್ಸಿನಲ್ಲಿ ಮೂತ್ರಕ್ಕೆ ಅವಸರವಾದೀತೆಂದು ಹಲವರು ಮೈಯ ನೀರನ್ನು ಮೂತ್ರದಲ್ಲಿ ಇಳಿಸುವ ‘ನೀರಿನ ಮಾತ್ರೆ’ಯನ್ನೇ ಬಿಡುತ್ತಾರೆ, ಹೆಂಗಸರಂತೂ ಹೇಳಿಕೊಳ್ಳುವುದೂ ಇಲ್ಲ. ಸಂಕೋಚ ಬಿಟ್ಟು ವೈದ್ಯರಿಗೆ ಹೇಳಿದರೆ ಮಾತ್ರೆಯ ಹೊತ್ತನ್ನು ಬದಲಿಸಿಕೊಡಬಲ್ಲರು. ಡಪಾಗ್ಲಿಫ್ಲೋಜಿನ್ ಎಂಬ ಮಾತ್ರೆ ಮೊದಲು ಬಂದದ್ದು ಮಧುಮೇಹಕ್ಕೆ, ಈಗ ಹೃದಯ ವೈಫಲ್ಯಕ್ಕೂ ಕೊಡುತ್ತಾರೆ. ‘ನನಗೆ ಶುಗರ್ ಇಲ್ಲವಲ್ಲ’ ಎಂದು ಅದನ್ನು ನಿಲ್ಲಿಸಬೇಡಿ. ಮಂಡಿನೋವಿಗೆ ಔಷಧಿ ಅಂಗಡಿಯಲ್ಲಿ ಕೇಳಿ ತರುವ ಡೈಕ್ಲೊಫೆನಾಕ್, ಐಬುಪ್ರೊಫೆನ್ ಮೈಯಲ್ಲಿ ನೀರು ನಿಲ್ಲಿಸುತ್ತವೆ, ಅವನ್ನು ದೂರವಿಡಿ.

ಮಲಗಿದರೆ ಉಸಿರುಕಟ್ಟಿ ಎದ್ದು ಕೂರುವಂತಾದರೆ, ಎದೆನೋವು ಬಂದರೆ, ಪ್ರಜ್ಞೆ ತಪ್ಪಿದರೆ ಬೆಳಗಾಗಲೆಂದು ಕಾಯದೆ 108ಕ್ಕೆ ಕರೆ ಮಾಡಿ. ಮಿಕ್ಕ ದಿನಗಳಲ್ಲಿ ಈ ಕಾಯಿಲೆಯ ಕಾವಲು ನಿಮ್ಮ ಕೈಯಲ್ಲೇ ಇದೆ. ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಮಾತ್ರೆಗಳ ಜೊತೆ ಆ ಕ್ಯಾಲೆಂಡರನ್ನೂ ಒಯ್ಯಿರಿ.