ಪಟ್ಟಾವೇ ಸಾಣೆಯಾದ ಬಗೆ

ಕಬ್ಬಿನ ಹಂಗಾಮು ಶುರುವಾದರೆ ಹುಕ್ಕೇರಿ ಸೀಮೆಯ ಕಂಬಾರರ ಕುಲುಮೆಗೆ ಬಿಡುವಿಲ್ಲ. ಲಾರಿಯ ಮುರಿದ ಪಾಟಾ ಕಾದು ಬಡಿಸಿಕೊಂಡು ಕಬ್ಬು ಕಡಿಯುವ ಕೊಯ್ತಾ ಆಗುತ್ತದೆ. ಬಡಿಯುವ ಕೆಲಸ ಅಜ್ಜನ ಕಾಲದ್ದೇ. ಬದಲಾದದ್ದು ಅದಕ್ಕೆ ಬಾಯಿ ತರುವ ಕೆಲಸ.

ಹಳೆಯ ಸಾಣೆಯನ್ನು ಮನುಷ್ಯನೇ ಕೈಯಾರೆ ಮಾಡುತ್ತಿದ್ದ. ಕುರುಂದದ ಕಲ್ಲನ್ನು ಕುಟ್ಟಿ ಪುಡಿಮಾಡಿ, ಕರಗಿದ ಅರಗಿನಲ್ಲಿ ಕಲಸಿ, ಗಾಲಿಯಂತೆ ತಟ್ಟುತ್ತಿದ್ದರು. ಅಚ್ಚಿಗೆ ಸುತ್ತಿದ ತೊಗಲಿನ ಪಟ್ಟಿಯನ್ನು ಒಬ್ಬ ಹಿಂದೆ ಮುಂದೆ ಜಗ್ಗಬೇಕು, ಇನ್ನೊಬ್ಬ ಅಲಗು ಹಿಡಿಯಬೇಕು. ಸೈಕಲ್ ಪೆಡಲಿನ ಸಾಣೆ ಬಂದಮೇಲೆ ಜಗ್ಗುವವನು ಬೇಡವಾದ. ಕರೆಂಟು ಬಂದು ಎಮರಿ ಗಾಲಿ ಕೂತಿತು. ಆದರೆ ಗಾಲಿ ಸವೆದಂತೆ ಅದರ ಸುತ್ತಳತೆ ಇಳಿಯುತ್ತದೆ, ಮುಖಕ್ಕೆ ಲೋಹ ಮೆತ್ತಿಕೊಳ್ಳುತ್ತದೆ, ಅಲಗು ಸುಡುತ್ತದೆ. ಇದಕ್ಕೆ ಉತ್ತರವಾಗಿ ಬಂದದ್ದು ಬೆಲ್ಟ್ ಗ್ರೈಂಡರ್.

ಯಂತ್ರದ ಗೀಳು ಬೆಳಗಾವಿ ಜಿಲ್ಲೆಗೆ ಹೊಸದಲ್ಲ. ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದರು. ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು ಮಾಡಿದ ಮೇಲೆಯೇ ಅವರು 1910ರಲ್ಲಿ ಕಿರ್ಲೋಸ್ಕರವಾಡಿಗೆ ಹೋದದ್ದು. ಊರು ಅವರನ್ನು ಕಳೆದುಕೊಂಡರೂ ಕಸುಬನ್ನು ಕಳೆದುಕೊಳ್ಳಲಿಲ್ಲ. ಇವತ್ತು ಹುಕ್ಕೇರಿ ಸೀಮೆಯಲ್ಲಿ ಹೆದ್ದಾರಿಯ ಮೇಲಿನ ಕಣಗಲಾದಿಂದ ಒಂದು ದಿಕ್ಕಿಗೆ ಬೆಳಗಾವಿಯ ಉದ್ಯಮಬಾಗ, ಇನ್ನೊಂದು ದಿಕ್ಕಿಗೆ ಕೊಲ್ಲಾಪುರದ ಫೌಂಡ್ರಿಗಳು. ಬೆಲ್ಟ್ ಗ್ರೈಂಡರ್ ಬೇಕೆನ್ನುವವನಿಗೆ ಇದು ಸಣ್ಣ ಅನುಕೂಲವಲ್ಲ.

ಹಿಂದೆ ಪಟ್ಟಾ ಕಲ್ಲನ್ನು ತಿರುಗಿಸುತ್ತಿತ್ತು. ಈ ಯಂತ್ರದಲ್ಲಿ ಪಟ್ಟಾವೇ ಕಲ್ಲು. ಉಪ್ಪುಕಾಗದದ ಗಟ್ಟಿ ತಮ್ಮನಂಥ ಬಟ್ಟೆಯ ಪಟ್ಟಿ ಮೂರು ನಾಲ್ಕು ಗಾಲಿಗಳ ಮೇಲೆ ಓಡುತ್ತದೆ. ಸವೆದರೆ ಬಿಚ್ಚಿ ಬೇರೆ ಹಾಕಿದರಾಯಿತು, ಗಾಲಿಯ ಅಳತೆ ಹಾಗೇ ಉಳಿಯುತ್ತದೆ. ಅಮೆರಿಕದ ಚಾಕು ತಯಾರಕರು ಬಳಕೆಗೆ ತಂದ 2 ಇಂಚು ಅಗಲ, 72 ಇಂಚು ಉದ್ದದ ಅಳತೆಯೇ ಈಗ ಬಹಳ ಕಡೆ ನಡೆಯುತ್ತದೆ. 3ಎಂ ಕಂಪನಿ 1981ರಲ್ಲಿ ತಂದ ಸೆರಾಮಿಕ್ ಕಣದ ಪಟ್ಟಿಗಳು ದುಬಾರಿ. ಆದರೆ ಹದ ಹಾಕಿದ ಉಕ್ಕಿನ ಮೇಲೆ ಅಗ್ಗದ ಪಟ್ಟಿಗಿಂತ ಬಹಳ ಹೊತ್ತು ಬಾಳುತ್ತವೆ.

ಕೊಳ್ಳುವವರು ಮೊದಲು ಕೇಳುವುದು ಎಷ್ಟು ಎಚ್‌ಪಿ ಅಂತ. ನನ್ನ ಮಟ್ಟಿಗೆ ಅದು ಎರಡನೆಯ ಪ್ರಶ್ನೆ. ಮೊದಲನೆಯದು ವೇಗ. ನಿಮಿಷಕ್ಕೆ 2800 ಸುತ್ತಿನ ಮೋಟರಿಗೆ 100 ಮಿ.ಮೀ. ಗಾಲಿ ಹಾಕಿದರೆ ಪಟ್ಟಿ ಸೆಕೆಂಡಿಗೆ 15 ಮೀಟರಿನಷ್ಟು, 150 ಮಿ.ಮೀ. ಹಾಕಿದರೆ 22 ಮೀಟರಿನಷ್ಟು ಓಡುತ್ತದೆ. ಕೊಯ್ತಾ, ಚಾಕುವಿನ ಒರಟು ಕೆಲಸಕ್ಕೆ ಈ ಓಟ ಸರಿ. ಕೊನೆಯ ಕೈಯಲ್ಲಿ ಅದೇ ವೇಗ ಅಲಗನ್ನು ತಿಂದುಬಿಡುತ್ತದೆ. ಅದಕ್ಕೇ ಮೋಟರಿನ ವೇಗ ಏರಿಳಿಸುವ ವಿಎಫ್‌ಡಿ ಇರಬೇಕು. ಅದರಿಂದ ಇನ್ನೊಂದು ಲಾಭವಿದೆ: ಮನೆಯ ಸಿಂಗಲ್ ಫೇಸ್ ಕರೆಂಟಿನಲ್ಲೇ ಎರಡು ಎಚ್‌ಪಿಯ ತ್ರೀ ಫೇಸ್ ಮೋಟರ್ ನಡೆಸಬಹುದು. ತ್ರೀ ಫೇಸ್ ಕರೆಂಟು ಪಂಪ್‌ಸೆಟ್ಟಿನ ಸರದಿಯಲ್ಲಿ ಬರುವ ಹಳ್ಳಿಗಳಲ್ಲಿ ಇದೇ ದೊಡ್ಡದು.

ಕ್ಷೌರದ ಕತ್ತಿಯ ಮಾತೇ ಬೇರೆ. ಹಡಪದರ ಪೆಟ್ಟಿಗೆಯಲ್ಲಿದ್ದ ಮಡಚುವ ಕತ್ತಿಯನ್ನು ಅರ್ಧ ಬ್ಲೇಡು ಹೊರದಬ್ಬಿತು. ಈಗ ಅದನ್ನು ಮಾಡುವವರು ಹೆಚ್ಚಾಗಿ ಹವ್ಯಾಸಿಗಳು. ಮಸೆಯುವಾಗ ಕತ್ತಿಯ ಬೆನ್ನೂ ಕಲ್ಲಿನ ಮೇಲೇ ಕೂತಿರುತ್ತದೆ. ಹೀಗಾಗಿ ಬಾಯಿಯ ಕೋನವನ್ನು ತೀರ್ಮಾನಿಸುವುದು ಬೆನ್ನಿನ ದಪ್ಪ: 16 ಮಿ.ಮೀ. ಅಗಲಕ್ಕೆ ಸುಮಾರು 5 ಮಿ.ಮೀ. ಬೆನ್ನಿದ್ದರೆ 18 ಡಿಗ್ರಿಯ ಆಸುಪಾಸು. ಗ್ರೈಂಡರಿನಲ್ಲಿ ಬೆನ್ನನ್ನು ಒಂದೇ ಕಡೆ ತಿಂದಿರೋ, ಕತ್ತಿ ಗುಜರಿಗೆ. ಇನ್ನು ಎರಡೂ ಮೈಯ ತಗ್ಗು. ಚಾಕುವಿಗೆ ಒಪ್ಪುವ 250 ಮಿ.ಮೀ. ಗಾಲಿ ಅಷ್ಟು ಅಗಲದಲ್ಲಿ ಕಾಲು ಮಿಲಿಮೀಟರ್ ಮಾತ್ರ ತೋಡುತ್ತದೆ. 75ರ ಗಾಲಿ ಮುಕ್ಕಾಲಿಗೂ ಹೆಚ್ಚು. ಹಾಗಾಗಿ ಸಣ್ಣ ಗಾಲಿ ಕೂರಿಸಲು ಜಾಗವಿಲ್ಲದ ಯಂತ್ರ ಎಷ್ಟೇ ಗಟ್ಟಿಯಿದ್ದರೂ ಕತ್ತಿ ಮಾಡುವವನಿಗೆ ಬೇಡ. ಜರ್ಮನಿಯ ಸೋಲಿಂಗನ್‌ನವರು ಎರಡು ಸಣ್ಣ ಗಾಲಿಗಳ ನಡುವೆ ಅಲಗು ತೂರಿಸಿ ಎರಡೂ ಮೈ ಒಟ್ಟಿಗೇ ತೋಡುತ್ತಿದ್ದರು. ನಮಗೆ ಕೈಯ ಹಿಡಿತವೇ ಗತಿ. ಹದ ಹಾಕಿದ ಮೇಲೆ ಕೈಗವಸು ತೆಗೆದು ಬರಿಬೆರಳಲ್ಲೇ ಹಿಡಿಯಬೇಕು, ಬೆರಳು ಚುರ್ ಅಂದ ಕೂಡಲೇ ನೀರಿಗೆ ಅದ್ದಬೇಕು. ಬಾಯಿಯಲ್ಲಿ ನೀಲಿ ಬಣ್ಣ ಕಂಡರೆ ಉಕ್ಕು 300 ಡಿಗ್ರಿ ಮುಟ್ಟಿದೆ, ಹದ ಇಳಿದಿದೆ.

ಚೌಕಟ್ಟನ್ನು ಊರಿನ ವೆಲ್ಡಿಂಗ್ ಅಂಗಡಿಯಲ್ಲೇ ಮಾಡಿಸಬಹುದು. ಗಾಲಿಗಳನ್ನು ಮಾತ್ರ ಒಳ್ಳೆಯ ಲೇತಿನವನಿಗೇ ಕೊಡಿ. ಕೂದಲೆಳೆಯಷ್ಟು ಓಲಾಡಿದರೂ ಅಲಗಿನ ಮೇಲೆ ಅಲೆ ಮೂಡುತ್ತದೆ. ಪಟ್ಟಿಯ ಕೆಳಗೆ ಕಿಡಿ ಬೀಳಲು ನೀರಿನ ಬಕೆಟ್, ಮೂಗಿಗೆ ಸರಿಯಾದ ಮಾಸ್ಕ್ ಇರಲಿ. ಕಟ್ಟಿಗೆಯ ಹಿಡಿಕೆ ತಿದ್ದುವ ಮುಂಚೆ ಯಂತ್ರದ ಸುತ್ತಲಿನ ಉಕ್ಕಿನ ಪುಡಿಯನ್ನೆಲ್ಲ ಗುಡಿಸಿ ತೆಗೆಯಿರಿ; ಕಟ್ಟಿಗೆಯ ಪುಡಿ ತುಂಬಿದ ಡಬ್ಬಿಗೆ ಒಂದು ಕಿಡಿ ಬಿದ್ದರೆ ಬೆಂಕಿ ಒಳಗೊಳಗೇ ಹೊಗೆಯಾಡಿ, ನೀವು ಬಾಗಿಲು ಹಾಕಿ ಹೋದಮೇಲೆ ಹೊತ್ತಿಕೊಳ್ಳುತ್ತದೆ.