ನಿಲಂಗಾದ ಪೈಲ್ವಾನ್ ಮತ್ತು ಬೆಳಗಾವಿಯ ಆ ಕುಸ್ತಿ

ಮೊಬೈಲ್‌ನಲ್ಲಿ ಸಬ್‌ಮಿಷನ್ ಗ್ರಾಪ್ಲಿಂಗ್ ನೋಡಿ ‘ಯಾರು ದೊಡ್ಡವ’ ಎಂದು ವಾದ ಮಾಡುವ ಹುಡುಗರು ನಮ್ಮಲ್ಲೂ ಇದ್ದಾರೆ. ಅಲ್ಲಿ ಕೀಲಿಗೋ ಕುತ್ತಿಗೆಗೋ ಪಟ್ಟು ಬಿದ್ದು, ತಾಳಲಾರದೆ ಕೈ ತಟ್ಟಿದವನು ಸೋತಂತೆ. ಮಣ್ಣಿನ ಕುಸ್ತಿಯ ಲೆಕ್ಕ ಬೇರೆ. ಬೆನ್ನು ನೆಲಕ್ಕೆ ತಾಗಿ ‘ಚಿತ್’ ಆದರೆ ಮುಗಿಯಿತು.

ಈ ವಿದ್ಯೆಯಲ್ಲಿ ದೊಡ್ಡ ಹೆಸರು ಹರಿಶ್ಚಂದ್ರ ಬಿರಾಜದಾರ್. ನಮ್ಮ ಬೀದರ್ ಗಡಿಯಾಚೆಯ ನಿಲಂಗಾ ತಾಲೂಕಿನ ರಾಮಲಿಂಗ ಮುದಗಡ ಅವರ ಊರು. ಕುಸ್ತಿ ಕಲಿಯಲು ಕೊಲ್ಹಾಪುರದ ಗಂಗಾವೇಶ್ ತಾಲೀಮಿಗೆ ಹೋದರು. 1969ರಲ್ಲಿ ಮಹಾರಾಷ್ಟ್ರ ಕೇಸರಿ, 1970ರಲ್ಲಿ ಎಡಿನ್‌ಬರೋ ಕಾಮನ್‌ವೆಲ್ತ್ ಚಿನ್ನ, 1972ರಲ್ಲಿ ರುಸ್ತುಂ-ಎ-ಹಿಂದ್.

1977ರಲ್ಲಿ ಬೆಳಗಾವಿಯಲ್ಲಿ ಅವರಿಗೆ ಎದುರಾದವರು ದಿಲ್ಲಿಯ ಗುರು ಹನುಮಾನ್ ಅಖಾಡದ ಸತ್ಪಾಲ್. ಗೆದ್ದದ್ದು ಬಿರಾಜದಾರ್. ಕುಸ್ತಿಪ್ರಿಯರು ಇವತ್ತಿಗೂ ಅದರ ಮಾತಾಡುತ್ತಾರೆ.

ಹಾಗಂತ ಸತ್ಪಾಲ್ ಅಲ್ಲಿಗೇ ಮುಗಿದರಾ? ಇಲ್ಲ. 1982ರ ದಿಲ್ಲಿ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದರು. ಆಮೇಲೆ ಗುರುವಾಗಿ ಸುಶೀಲ್ ಕುಮಾರ್‌ರನ್ನು ತಯಾರು ಮಾಡಿದರು. ಆ ಶಿಷ್ಯ 2008 ಮತ್ತು 2012ರ ಒಲಿಂಪಿಕ್ಸ್‌ನಲ್ಲಿ ಪದಕ ತಂದರು.

ಬಿರಾಜದಾರ್ ಕೂಡ ಪುಣೆಯ ಗೋಕುಲ್ ವಸ್ತಾದ್ ತಾಲೀಮಿನಲ್ಲಿ ಹುಡುಗರನ್ನು ಪಳಗಿಸಿದರು. ಬೀಡ್ ಜಿಲ್ಲೆಯಿಂದ ಬಂದ ರಾಹುಲ್ ಆವಾರೆ ಅವರಲ್ಲೊಬ್ಬರು. 2011ರಲ್ಲಿ ಗುರು ತೀರಿಕೊಂಡರು. ಬಿರಾಜದಾರರ ಇನ್ನೊಬ್ಬ ಶಿಷ್ಯ ಕಾಕಾ ಪವಾರ್ ಈ ಹುಡುಗನ ಕೈಹಿಡಿದರು. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್‌ನಲ್ಲಿ ಆವಾರೆ 57 ಕೆಜಿ ವಿಭಾಗದ ಚಿನ್ನ ಗೆದ್ದಾಗ ಅದನ್ನು ನೋಡಲು ಹಳೆಯ ಗುರು ಇರಲಿಲ್ಲ.

ಯಾರು ಯಾರನ್ನು ಸೋಲಿಸಿದರು ಎಂದು ವಾದ ಮಾಡಿ, ಬೇಡ ಅನ್ನುವುದಿಲ್ಲ. ಯಾರು ಯಾರನ್ನು ಬೆಳೆಸಿದರು ಅಂತಲೂ ಒಮ್ಮೆ ಕೇಳಿ ನೋಡಿ.